‘ಶುರು ಮಾಡ್ರಿ’ ಅಂದರೆ ಅನುಮತಿಯಲ್ಲ

ಕೆಡವಿದ ಕಟ್ಟಡಗಳ ಅವಶೇಷದಿಂದ ಜಲ್ಲಿ, ಪೇವರ್ ಮಾಡುವ ಘಟಕ ಹಾಕಲು ಹೊರಟು ಭಾಲ್ಕಿಯಿಂದ ಬರೆದವರಿಗೆ: ಪುರಸಭೆಯಲ್ಲಿ ಯಾರೋ ‘ಆಯ್ತು, ಶುರು ಮಾಡ್ರಿ’ ಅಂದದ್ದನ್ನೇ ನಂಬಿ ಕ್ರಷರ್‌ಗೆ ಮುಂಗಡ ಕೊಡಬೇಡಿ. ಮೊದಲು ಜಮೀನು. ಔರಾದ್ ರಸ್ತೆಯ ನಿಮ್ಮ ಎರಡು ಎಕರೆ ಪಹಣಿಯಲ್ಲಿ ಇನ್ನೂ ಕೃಷಿ ಭೂಮಿ. ಭೂಪರಿವರ್ತನೆ ಬೇಕೇ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಖಚಿತ ಮಾಡಿಕೊಳ್ಳಿ. ಜಾಗ ಪುರಸಭೆ ಗಡಿಯೊಳಗಿದೆಯೋ ಗ್ರಾಮ ಪಂಚಾಯ್ತಿಯದೋ ನೋಡಿ, ಲೈಸೆನ್ಸ್ ಅರ್ಜಿ ಅಲ್ಲಿಗೆ. ಸಭೆಯ ಠರಾವಿನ ಪ್ರತಿ ಕೈಯಲ್ಲಿರಲಿ. ಮಾಲಿನ್ಯ ನಿಯಂತ್ರಣ ಮಂಡಳಿಯದು ಬೇರೆಯೇ ಅರ್ಜಿ. ಕಟ್ಟಡ ತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳ ಜಾಗಕ್ಕೆ ಬಂದ 2025ರ ನಿಯಮಗಳು 2026ರ ಏಪ್ರಿಲ್ 1ರಿಂದ ಜಾರಿ. ಹಳೆ ನಮೂನೆ ತುಂಬಿಸುವ ಏಜೆಂಟರಿಂದ ದೂರವಿರಿ.

ಬೀದರ್ ನಗರದ ಮಗ್ಗುಲಲ್ಲಿ ಜಾಗ ಹುಡುಕುವ ಯೋಚನೆ ಬಿಡುವುದೇ ವಾಸಿ. ಅಲ್ಲಿನ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ನೌಬಾದ್ ಕಡೆ ನೆಲದಡಿ ಬಹಮನಿ ಕಾಲದ ಸುರಂಗ ಬಾವಿ ಇದೆ. ಅದರ ನೆತ್ತಿಯ ಮೇಲೆ ಟಿಪ್ಪರ್ ಓಡಿಸಲು ಯಾರು ಒಪ್ಪುತ್ತಾರೆ?

ಇನ್ನು ಮಾಲು. ನಮ್ಮ ಕಡೆ ಹಳೆ ಮನೆ ಕೆಡವಿದರೆ ಜಂಬಿಟ್ಟಿಗೆಯೇ ಹೆಚ್ಚು. ಅದರ ಮೈತುಂಬಾ ತೂತು, ನೀರು ಹೀರುತ್ತದೆ. ತಗ್ಗು ತುಂಬಲು ಆದೀತು, ಸ್ಲ್ಯಾಬಿಗೆ ಬೇಡ. ಕಾಂಕ್ರೀಟ್ ಚೂರುಗಳನ್ನು ಗೇಟಿನಲ್ಲೇ ಬೇರೆ ರಾಶಿ ಹಾಕಿಸಿ. ಐಎಸ್ 383:2016 ಪ್ರಕಾರ ಅವುಗಳ ಜಲ್ಲಿಯನ್ನು ಎಂ25ರವರೆಗಿನ ಆರ್‌ಸಿಸಿಯಲ್ಲಿ ಶೇ 20ರವರೆಗೆ ಬಳಸಬಹುದು. ಪುರಸಭೆ ತನ್ನ ಫುಟ್‌ಪಾತ್‌ಗಳಿಗೆ ನಿಮ್ಮ ಪೇವರ್ ಕೊಳ್ಳುವ ಸಾಲನ್ನೂ ಠರಾವಿನಲ್ಲೇ ಬರೆಸಲು ಈಗಲೇ ಕೇಳಿ.