ಚಾರ್ಜ್ ತೆಗೆದುಕೊಳ್ಳುವಾಗ ತಿಳಿವಳಿಕೆಯನ್ನೂ ಎಣಿಸಿಕೊಳ್ಳಿ

ಶಾಖೆಗೆ ಮ್ಯಾನೇಜರಾಗಿ ಬಂದಿದ್ದೀರಿ, ಸಂತೋಷ. ನಗದು ಎಣಿಸಿಕೊಂಡಿರಿ, ಬೀಗದ ಕೈಗೆ ಸಹಿ ಹಾಕಿದಿರಿ, ಒಡವೆ ಸಾಲದ ಪೊಟ್ಟಣಗಳನ್ನೂ ತಾಳೆ ನೋಡಿದಿರಿ. ಸಿಬ್ಬಂದಿಗೆ ಏನೇನು ಗೊತ್ತಿದೆ ಎಂದು ಮಾತ್ರ ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ, ಅಲ್ಲವೇ?

ಬ್ಯಾಂಕಿನ ಲೆಕ್ಕಪತ್ರದಲ್ಲಿ ಸಂಬಳ, ತರಬೇತಿ ಎಲ್ಲವೂ ಖರ್ಚಿಗೇ ಬೀಳುತ್ತವೆ. ಅದರಿಂದ ಬೆಳೆದ ತಿಳಿವಳಿಕೆ ಆಸ್ತಿಯ ಪಟ್ಟಿಗೆ ಬರುವುದಿಲ್ಲ. ಇದು ಬೌದ್ಧಿಕ ಬಂಡವಾಳದ ಒಂದು ಭಾಗ. ಇದನ್ನು ಅಳೆಯಲು ಆಂಟೆ ಪುಲಿಕ್ ಎಂಬ ವಿದ್ವಾಂಸರು 1990ರ ದಶಕದಲ್ಲಿ ಒಂದು ಸೂತ್ರ ಕೊಟ್ಟರು. ಕಾರ್ಯಾಚರಣೆಯ ಲಾಭಕ್ಕೆ ಸಂಬಳ, ಸವಕಳಿ ಕೂಡಿಸಿ, ಬಂದದ್ದನ್ನು ಸಂಬಳದಿಂದ ಭಾಗಿಸಿ. ಮೊತ್ತ 300 ಕೋಟಿ, ಸಂಬಳ 100 ಕೋಟಿ ಎಂದಿಟ್ಟುಕೊಂಡರೆ ಉತ್ತರ 3. ಸಂಬಳದ ಒಂದೊಂದು ರೂಪಾಯಿಗೂ ಮೂರು ರೂಪಾಯಿಯ ಮೌಲ್ಯ. ಆದರೆ ಈ ಅಂಕಿಯನ್ನೇ ನೆಚ್ಚಿ ಕೂರಬೇಡಿ. ಸೂತ್ರದೊಳಗೇ ಲಾಭ ಕೂತಿರುವಾಗ ಅಂಕಿ, ಲಾಭ ಎರಡೂ ಒಟ್ಟಿಗೆ ಏರಿದರೆ ಆಶ್ಚರ್ಯವೇನು? ಜನರನ್ನು ಕಡಿಮೆ ಮಾಡಿದರೂ ಅಂಕಿ ಒಂದು ವರ್ಷ ಚೆನ್ನಾಗಿಯೇ ಕಂಡೀತು.

ತಿಳಿವಳಿಕೆಗೂ ಲಾಭಕ್ಕೂ ಇರುವ ನಿಜವಾದ ನಂಟು ಬೀದಿಯಲ್ಲಿದೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿ, ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಂತೆ ಕೂಡಿಸಿತು. ಹನಿ ಹನಿ ಕೂಡಿದರೆ ಹಳ್ಳ ಎನ್ನುವುದು ದುಡ್ಡಿನ ಮಾತಾಯಿತು. ದಿನಾ ಅಂಗಡಿಗೆ ಹೋಗುವ ಪಿಗ್ಮಿ ಏಜೆಂಟರಿಗೆ ಯಾರ ವ್ಯಾಪಾರ ಕುಗ್ಗಿದೆ, ಯಾರು ನೂರು ಕಟ್ಟುತ್ತಿದ್ದವರು ಐವತ್ತಕ್ಕೆ ಇಳಿದರು ಎನ್ನುವುದು ನಿಮ್ಮ ಕಂಪ್ಯೂಟರು ಎಚ್ಚರಿಸುವ ಮೊದಲೇ ಗೊತ್ತಿರುತ್ತದೆ. ಆ ಸುಳಿವು ಸಮಯಕ್ಕೆ ಸಿಕ್ಕರೆ ಒಂದು ಸಾಲ ವಸೂಲಾಗದೆ ಕೆಡುವುದು ತಪ್ಪೀತು. ಕೆಟ್ಟ ಸಾಲಕ್ಕೆ ಎತ್ತಿಡುವ ಹಣ ಕಡಿಮೆಯಾದಷ್ಟೂ ನಿವ್ವಳ ಲಾಭ ಉಳಿಯುತ್ತದೆ. ಅಂಥ ಏಜೆಂಟರು ಎದುರು ನಿಂತಾಗ ನೀವು ಮೊಬೈಲಿನಿಂದ ಕಣ್ಣೆತ್ತುವುದಿಲ್ಲವಲ್ಲ!

ಇನ್ನೊಂದು ಮಾತು, ಸಿಟ್ಟಾಗಬೇಡಿ. ತರಬೇತಿಗೆ ಹೆಸರು ಕೇಳಿದರೆ, ಕೌಂಟರಿನಲ್ಲಿ ಯಾರಿಲ್ಲದಿದ್ದರೂ ನಡೆಯುತ್ತದೋ ಅವರನ್ನೇ ಕಳಿಸುವ ಚಾಳಿ ಬಿಡಿ. ಕಲಿಯಬಲ್ಲವರನ್ನು ಕಳಿಸಿ. ಬಂದ ಮೇಲೆ ಕಲಿತ ಕೆಲಸವನ್ನೇ ಕೊಡಿ. ಸಾಲ ತಪಾಸಣೆಗೆ ಹೋಗುವಾಗ ಹೊಸ ಹುಡುಗರನ್ನೂ ಜೊತೆಗೆ ಕರೆದೊಯ್ಯಿರಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಫೈಲಿನಲ್ಲಿ ಎರಡು ಸಾಲಾದರೂ ಬರೆದಿಡಿ, ಮುಂದೆ ಬರುವವರಿಗೆ ಬೇಕಾಗುತ್ತದೆ. ಹಿರಿಯರು ನಿವೃತ್ತರಾದ ಮೇಲೆ ಫೋನು ಮಾಡಿ ಕೇಳುವುದು, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಈ ವರ್ಷ ಯಾರಾದರೂ ನಿವೃತ್ತರಾಗುವವರಿದ್ದರೆ ಶಾಲು, ಹಾರದ ಏರ್ಪಾಟು ಆಮೇಲೆ ಮಾಡುವಿರಂತೆ. ನಾಳೆಯೇ ಅವರ ಮೇಜಿನ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿ.