ಮೊದಲು ತಳ ತಿಳಿಯಲಿ, ಮೀನು ಆಮೇಲೆ

ರವೀಂದ್ರನಗರ, ಶಿವಮೊಗ್ಗ

ಚಿರಂಜೀವಿ ಪುಟ್ಟುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಭದ್ರಾವತಿಯ ನಿಮ್ಮ ಮನೆ ಮುಂದೆ ಫೈಬರ್ ದೋಣಿ ಬಂದು ನಿಂತ ಫೋಟೊ ನೋಡಿ ನಿನ್ನ ದೊಡ್ಡಮ್ಮನಿಗೆ ಖುಷಿಯೂ ಆಯಿತು, ಒಂದಿಷ್ಟು ದಿಗಿಲೂ ಆಯಿತು. ಫೋಟೊದ ಬೆನ್ನಿಗೇ ನೀನು ಕಳಿಸಿದ ಫಿಶ್ ಫೈಂಡರ್‌ಗಳ ಪಟ್ಟಿಯೂ ತಲುಪಿತು. ಯಾವುದನ್ನು ತಗೊಳ್ಳಲಿ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಅರ್ಧ ಬಿಡುತ್ತೀಯ ಎಂದು ಕೂತು ಬರೆಯುತ್ತಿದ್ದೇನೆ.

ಮೊದಲ ಯಂತ್ರವನ್ನು ಭದ್ರಾ ಹಿನ್ನೀರಿನ ತಳ ತಿಳಿಯುವುದಕ್ಕೆಂದು ತಗೋ. ಅದರಲ್ಲಿ ಮೀನೂ ಕಂಡರೆ ಲಾಭ ಎಂದುಕೋ. ಹೀಗೆ ತೀರ್ಮಾನ ಮಾಡಿಕೊಂಡರೆ ನಿನ್ನ ಪಟ್ಟಿಯ ಮುಕ್ಕಾಲು ಭಾಗ ತಾನಾಗಿಯೇ ಉದುರಿಹೋಗುತ್ತದೆ.

ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಮುಗಿದದ್ದು 1965ರಲ್ಲಿ. ಅದಕ್ಕೂ ಮೊದಲು ಈಗಿನ ಹಿನ್ನೀರಿನ ಜಾಗದಲ್ಲಿ ಕಾಡಿತ್ತು, ಗದ್ದೆಯಿತ್ತು, ಊರುಗಳಿದ್ದವು, ಗುಡ್ಡಗಳ ನಡುವೆ ಭದ್ರೆ ತನ್ನ ಪಾಡಿಗೆ ಹರಿಯುತ್ತಿದ್ದಳು. ಅದೆಲ್ಲ ಇವತ್ತಿಗೂ ನೀರಿನಡಿ ಇದೆ. ಗುಡ್ಡಗಳ ತಲೆ ನಡುಗಡ್ಡೆಗಳಾಗಿ ಉಳಿದಿವೆ, ಬೇಸಿಗೆಯಲ್ಲಿ ಅಲ್ಲೇ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಡುವುದು. ಗುಡ್ಡದ ಇಳಿಜಾರು, ಹಳೆಯ ಹಳ್ಳದ ಪಾತ್ರ, ಮರದ ಬೊಡ್ಡೆ ಇವೆಲ್ಲ ಮೇಲಿನಿಂದ ಕಾಣುವುದಿಲ್ಲ. ಮೀನಿಗೆ ಮಾತ್ರ ಅದೇ ಬೀದಿ, ಅದೇ ಮನೆ. ಲಿಂಗನಮಕ್ಕಿ ಜಲಾಶಯದ್ದೂ ಇದೇ ಕಥೆ. ಅಲ್ಲಿ 1964ರಲ್ಲಿ ಮಡೆನೂರಿನ ಹಳೆಯ ಅಣೆಕಟ್ಟೆಯೇ ಇಡಿಯಾಗಿ ಮುಳುಗಿತು. ನೀರು ತೀರ ಇಳಿದ ಬೇಸಿಗೆಯಲ್ಲಿ ಅದು ಮೇಲೆದ್ದು ನಿಲ್ಲುತ್ತದೆ, ಜನ ಗುಂಪುಗೂಡಿ ನೋಡಲು ಹೋಗುತ್ತಾರೆ. ನೀರು ತುಂಬಿದಾಗ ಅಂಥದೊಂದು ಗೋಡೆ ದೋಣಿಯ ಕೆಳಗಿದ್ದರೂ ಬರಿಗಣ್ಣಿಗೆ ಗೊತ್ತಾಗದು.

ಹರಿಗೋಲಿನ ಹಿರಿಯರು ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಆಳವನ್ನು ಮಾರು ಲೆಕ್ಕದಲ್ಲಿ ಹೇಳುತ್ತಾರೆ. ಕಲ್ಲಿಗೆ ಮೆತ್ತಿಕೊಂಡು ಬಂದದ್ದನ್ನು ಬೆರಳಲ್ಲಿ ಉಜ್ಜಿ ಹೂಳೋ ಮರಳೋ ಎಂದೂ ಹೇಳುತ್ತಾರೆ. ನಿನ್ನ ಯಂತ್ರ ಅದೇ ಕೆಲಸವನ್ನು ಶಬ್ದದಿಂದ ಮಾಡುತ್ತದೆ. ದೋಣಿಯ ಹಿಂದೆ ನೀರಿನಲ್ಲಿ ಮುಳುಗಿರುವ ಟ್ರಾನ್ಸ್‌ಡ್ಯೂಸರ್ ಕಿವಿಗೆ ಕೇಳಿಸದ ಶಬ್ದವನ್ನು ಕೆಳಗೆ ಬಿಡುತ್ತದೆ, ಪ್ರತಿಧ್ವನಿ ವಾಪಸು ಬರಲು ಹಿಡಿದ ಸಮಯದಿಂದ ಆಳ ಲೆಕ್ಕ ಹಾಕುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುವುದರಿಂದ ಎಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಇದನ್ನು ಮೀನು ಹುಡುಕುವ ಯಂತ್ರವಾಗಿ 1948ರಲ್ಲಿ ಮಾರುಕಟ್ಟೆಗೆ ತಂದವರು ಜಪಾನಿನ ನಾಗಾಸಾಕಿಯ ಫುರುನೊ ಸಹೋದರರು. ಮೀನಿನ ಮೈ ಹೆಚ್ಚುಕಡಿಮೆ ನೀರಿನಂತೆಯೇ ಇರುವುದರಿಂದ ಶಬ್ದ ಅದನ್ನು ಹಾಯ್ದು ಹೋಗುತ್ತದೆ. ಜೋರಾಗಿ ಪ್ರತಿಧ್ವನಿಸುವುದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ.

ಶಬ್ದ ಕೆಳಗಿಳಿಯುತ್ತ ಶಂಕುವಿನ ಹಾಗೆ ಅಗಲವಾಗುತ್ತದೆ. ಪೆಟ್ಟಿಗೆಯ ಮೇಲೆ 200 ಕಿಲೋಹರ್ಟ್ಸ್, 20 ಡಿಗ್ರಿ ಎಂದು ಬರೆದಿದ್ದರೆ, 30 ಅಡಿ ಆಳದಲ್ಲಿ ಅದು ನೋಡುವುದು ಸುಮಾರು ಹತ್ತೂವರೆ ಅಡಿ ಅಗಲದ ಒಂದು ವೃತ್ತವನ್ನು. 6 ಅಡಿ ಆಳದಲ್ಲಿ ಎರಡೇ ಅಡಿ. 83 ಕಿಲೋಹರ್ಟ್ಸ್‌ನ 60 ಡಿಗ್ರಿಯದಾದರೆ 30 ಅಡಿಯಲ್ಲಿ ಸುಮಾರು 35 ಅಡಿ ಅಗಲ ಕಾಣುತ್ತದೆ, ಆದರೆ ವಿವರ ಮಸುಕು. ಹಾಗಾಗಿ ಆಳ ಕಡಿಮೆಯಿರುವ ನಮ್ಮೂರ ಕೆರೆಗಳಲ್ಲಿ ಈ ಯಂತ್ರದಿಂದ ಹೆಚ್ಚು ಪ್ರಯೋಜನವಿಲ್ಲ, ಜೊಂಡಿನ ಅಂಚಿನಲ್ಲಿ ಅಡಗುವ ಕೊರವ ಮೀನನ್ನು ಹುಡುಕಲು ಕಣ್ಣೇ ಸಾಕು. ಹಿನ್ನೀರಿನಲ್ಲೂ ಎಲ್ಲ ಮೀನಿಗೂ ಇದು ಒಂದೇ ರೀತಿ ಒದಗುವುದಿಲ್ಲ. ಕಾಟ್ಲಾ ಮೇಲ್ಪದರದ ಮೀನು, ದೋಣಿಯ ನೆರಳು ಬೀಳುತ್ತಲೇ ಪಕ್ಕಕ್ಕೆ ಸರಿಯುತ್ತದೆ. ಆ ಎರಡಡಿ ವೃತ್ತದೊಳಗೆ ಅದು ಬಂದು ನಿಲ್ಲಲಿ ಎಂದು ಕಾಯಬೇಡ. ರೋಹು ನಡುನೀರಿನದು, ಮೃಗಾಲ್ ತಳದ್ದು, ಬಾಳೆ ಮೀನಿಗೆ ಬೊಡ್ಡೆ, ಪೊಟರೆಗಳೇ ಪ್ರೀತಿ. ಈ ಮೂರರ ವಿಷಯದಲ್ಲಿ ಯಂತ್ರದ ಮಾತಿಗೆ ಬೆಲೆಯಿದೆ.

ಪರದೆ ಓದುವುದನ್ನು ಸಮಾಧಾನದಿಂದ ಕಲಿ. ಚಿತ್ರದ ಬಲತುದಿ ಮಾತ್ರ ಈ ಕ್ಷಣದ್ದು, ಎಡಕ್ಕೆ ಸರಿದದ್ದೆಲ್ಲ ಆಗಲೇ ಹಿಂದೆ ಬಿದ್ದ ನೀರು. ತಳದ ಗೆರೆ ದಪ್ಪವಾಗಿ, ಗಾಢವಾಗಿ ಬಂದು ಅದರ ಕೆಳಗೆ ಎರಡನೆಯ ಗೆರೆಯೂ ತೋರಿದರೆ ಕಲ್ಲು ಅಥವಾ ಗಟ್ಟಿ ನೆಲ. ತೆಳ್ಳಗೆ, ಮಂಕಾಗಿ ಹರಡಿದರೆ ಹೂಳು. ತಳದಿಂದ ನೆಟ್ಟಗೆ ಎದ್ದ ಗೀಟು ಬೊಡ್ಡೆಯಿರಬಹುದು. ದೋಣಿ ಸಾಗುವಾಗ ಮೀನು ಕಮಾನಿನ ಹಾಗೆ ಮೂಡುತ್ತದೆ. ಶಂಕುವಿನ ಅಂಚಿಗೆ ಬಂದಾಗ ದೂರ ಹೆಚ್ಚು, ನಟ್ಟನಡುವೆ ಬಂದಾಗ ಕಡಿಮೆ, ದಾಟುವಾಗ ಮತ್ತೆ ಹೆಚ್ಚು, ಅದಕ್ಕೇ ಆ ಬಾಗು. ನೀನು ದೋಣಿ ನಿಲ್ಲಿಸಿದ್ದು ಮೀನೂ ಕೆಳಗೆ ನಿಂತಿದ್ದರೆ ಕಮಾನು ಬರುವುದಿಲ್ಲ, ಉದ್ದ ಗೆರೆ ಬರುತ್ತದೆ. ಯಂತ್ರದಲ್ಲಿ ಪುಟ್ಟ ಮೀನಿನ ಚಿತ್ರ ತೋರಿಸುವ ಫಿಶ್ ಐಡಿ ಎಂಬ ಸೌಲಭ್ಯ ಇರುತ್ತದಲ್ಲ, ಅದನ್ನು ಮೊದಲ ದಿನವೇ ಆಫ್ ಮಾಡು. ತೇಲುವ ಕಡ್ಡಿ, ಗುಳ್ಳೆ, ಮುಳುಗಿದ ಕೊಂಬೆ ಎಲ್ಲಕ್ಕೂ ಅದು ಮೀನಿನ ಚಿತ್ರ ಹಾಕಬಲ್ಲದು. ಕೊಂಬೆ ತುಂಬಿದ ನಮ್ಮ ಹಿನ್ನೀರಿನಲ್ಲಿ ಅದನ್ನು ನಂಬಿ ಬಲೆ ಇಳಿಸಿದರೆ ಬಲೆ ಹರಿಯುತ್ತದೆ.

ಇನ್ನು ನಿನ್ನ ಪಟ್ಟಿ. ಲೈವ್ ಸೋನಾರ್ ಬಿಡು. ಮೀನು ಈಜುವುದನ್ನು ಸಿನಿಮಾದಂತೆ ತೋರಿಸುತ್ತದೆ ನಿಜ, ಆದರೆ ಅದರ ಬೆಲೆಗೆ ಇನ್ನೊಂದು ದೋಣಿಯೇ ಬಂದೀತು. ದೋಣಿಯ ಎರಡೂ ಪಕ್ಕ ನೋಡುವ ಸೈಡ್ ಇಮೇಜಿಂಗ್ ಕೂಡ ಸದ್ಯಕ್ಕೆ ಬೇಡ. ಅದರ ಚಿತ್ರ ಸರಿಯಾಗಿ ಮೂಡಲು ದೋಣಿ ನೇರವಾಗಿ, ಒಂದೇ ವೇಗದಲ್ಲಿ ಸಾಗಬೇಕು. ನೀನು ಹುಟ್ಟು ಹಾಕಿ ಹೋಗುವವನು, ಗಾಳಿ ಬೀಸಿದರೆ ದೋಣಿ ಅಡ್ಡಕ್ಕೆ ತಿರುಗುತ್ತದೆ, ಚಿತ್ರ ಕಲಸಿಹೋಗುತ್ತದೆ. ಎಸೆದು ಫೋನಿನಲ್ಲಿ ನೋಡುವ ಚೆಂಡಿನಂಥದ್ದು ದಡದಿಂದ ಗಾಳ ಹಾಕುವವರಿಗೆ ಅನುಕೂಲ, ದೋಣಿಯವನಿಗೆ ಬಿಸಿಲಿನಲ್ಲಿ ಫೋನ್ ಕಾಣುವುದೇ ಕಷ್ಟ.

ನಿನಗೆ ಬೇಕಾದದ್ದು ಚರ್ಪ್ (ಒಂದರ ಬದಲು ಹಲವು ಆವರ್ತನದ ಶಬ್ದ ಬಿಡುವ ಸೌಲಭ್ಯ) ಇರುವ, ನೇರ ಕೆಳಗೆ ನೋಡುವ, ಜಿಪಿಎಸ್‌ನಲ್ಲಿ ಜಾಗ ಗುರುತು ಹಾಕಿಕೊಳ್ಳುವ ಸಣ್ಣ ಯಂತ್ರ. ನಾಲ್ಕೈದು ಇಂಚಿನ ಪರದೆ ಸಾಕು. ಗಾರ್ಮಿನ್ ಸ್ಟ್ರೈಕರ್, ಲೋರೆನ್ಸ್ ಹುಕ್, ಹಮ್ಮಿನ್‌ಬರ್ಡ್ ಹೀಲಿಕ್ಸ್ ಈ ಸಾಲಿನ ಚಿಕ್ಕವುಗಳಲ್ಲಿ ಯಾವುದಾದರೂ ಆದೀತು. ನಾನಾದರೆ ಸ್ಟ್ರೈಕರ್ ಪ್ಲಸ್ ಅಥವಾ ವಿವಿಡ್ ನೋಡುತ್ತೇನೆ. ಅದರಲ್ಲಿ ಕ್ವಿಕ್‌ಡ್ರಾ ಎಂಬ ಸೌಲಭ್ಯವಿದೆ, ದೋಣಿ ಹೋದ ಕಡೆಯೆಲ್ಲ ಆಳದ ಗೆರೆಗಳನ್ನು ತಾನೇ ಬರೆದುಕೊಳ್ಳುತ್ತದೆ. ಕಂಪನಿಗಳ ನಕ್ಷೆಯಲ್ಲಿ ಅಮೆರಿಕದ ಸರೋವರಗಳು ಸಿಕ್ಕಷ್ಟು ಸುಲಭವಾಗಿ ಭದ್ರಾ ಹಿನ್ನೀರು ಸಿಗುವುದಿಲ್ಲ, ನಮ್ಮ ನಕ್ಷೆಯನ್ನು ನಾವೇ ಬರೆದುಕೊಳ್ಳಬೇಕು. ಬಟನ್ ಇರುವುದನ್ನೇ ಆರಿಸು. ಮಲೆನಾಡಿನ ಜಡಿಮಳೆಯಲ್ಲಿ, ಮೀನಿನ ಲೋಳೆ ಹತ್ತಿದ ಕೈಯಲ್ಲಿ ಟಚ್ ಪರದೆ ಮಾತು ಕೇಳುವುದಿಲ್ಲ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಪರದೆಯೂ ಚಂದ. ಹೊರಗೆ ಬಿಸಿಲಿಗೆ ತಂದು ತೋರಿಸಿ ಎಂದು ಕೇಳು. ಸರ್ವೀಸ್ ಎಲ್ಲಿ, ವಾರಂಟಿ ನಮ್ಮ ದೇಶದಲ್ಲಿ ನಡೆಯುತ್ತದೆಯೇ ಎಂಬುದನ್ನು ದುಡ್ಡು ಕೊಡುವ ಮುಂಚೆ ವಿಚಾರಿಸು.

ಕರೆಂಟಿಗೆ 12 ವೋಲ್ಟ್, 7 ಆಂಪಿಯರ್ ಅವರ್‌ನ ಸೀಲ್ಡ್ ಬ್ಯಾಟರಿ, ಯುಪಿಎಸ್‌ಗೆ ಹಾಕುತ್ತಾರಲ್ಲ, ಅದೇ ಸಾಕು. ಸಣ್ಣ ಯಂತ್ರ ಅರ್ಧ ಆಂಪಿಯರ್‌ಗಿಂತ ಕಡಿಮೆ ಎಳೆಯುವುದರಿಂದ ಒಂದು ಹಗಲು ಧಾರಾಳವಾಗಿ ಬರುತ್ತದೆ. ತಂತಿಯಲ್ಲಿ ಫ್ಯೂಸ್ ಹಾಕಿಸುವುದನ್ನು ಮರೆಯಬೇಡ. ಮುಂದೆ ಎಂಜಿನ್ ಕೂಡಿಸಿದರೆ ಅದರ ಬ್ಯಾಟರಿ ಬೇರೆಯೇ ಇರಲಿ, ಇಲ್ಲವಾದರೆ ಪರದೆ ತುಂಬ ಚುಕ್ಕೆ ಬೀಳುತ್ತದೆ. ಹೊಸ ದೋಣಿಗೆ ಆತುರದಲ್ಲಿ ತೂತು ಕೊರೆಯಬೇಡ. ಒಂದು ಮರದ ರೀಪಿಗೆ ಟ್ರಾನ್ಸ್‌ಡ್ಯೂಸರ್ ಬಿಗಿದು, ಆ ರೀಪನ್ನು ಕ್ಲಾಂಪಿನಿಂದ ದೋಣಿಯ ಹಿಂಬದಿಗೆ ಕಚ್ಚಿಸು. ಅದರ ಮುಖ ಪೂರ್ತಿ ನೀರಿನೊಳಗಿದ್ದು ತಳಕ್ಕೆ ನೇರವಾಗಿರಬೇಕು, ಹುಟ್ಟಿನ ಗುಳ್ಳೆ ಅದರಡಿ ಹಾಯಬಾರದು. ದಡಕ್ಕೆ ಬರುವಾಗ ಮೇಲೆತ್ತಿಕೋ, ಕಲ್ಲಿಗೆ ತಾಗಿದರೆ ಒಡೆಯುತ್ತದೆ.

ಆಳವನ್ನು ಮೀಟರಿನಲ್ಲಿ ಇಡಬೇಡ, ಅಡಿಯಲ್ಲಿಡು. ಜಲಾಶಯದ ಮಟ್ಟ ದಿನಾ ಪತ್ರಿಕೆಯಲ್ಲಿ ಬರುವುದು ಅಡಿಯಲ್ಲೇ. ಭದ್ರಾ ತುಂಬಿದಾಗ 186 ಅಡಿ. ದಾವಣಗೆರೆ ಕಡೆಗೆ ನಾಲೆಯಲ್ಲಿ ನೀರು ಬಿಟ್ಟಂತೆಲ್ಲ ಅದು ಇಳಿಯುತ್ತ ಹೋಗುತ್ತದೆ. 186 ಇದ್ದ ದಿನ ಯಂತ್ರ 40 ಅಡಿ ತೋರಿಸಿದ ಜಾಗ, ಮಟ್ಟ 150ಕ್ಕೆ ಇಳಿದ ದಿನ ಬರೀ 4 ಅಡಿ. ಅಲ್ಲಿ ತಳದಿಂದ ಮೂರೂವರೆ ಅಡಿ ಎದ್ದ ಬೊಡ್ಡೆಯೊಂದಿದ್ದರೆ ಅದೀಗ ನೀರಿನಿಂದ ಅರ್ಧ ಅಡಿ ಕೆಳಗೆ ಕಾಣದಂತೆ ನಿಂತಿರುತ್ತದೆ, ದೋಣಿಯ ಹೊಟ್ಟೆ ಸೀಳುವುದು ಅಂಥದ್ದೇ. ಅದಕ್ಕೆ ಪ್ರತಿ ಗುರುತಿನ ಜೊತೆ ಆ ದಿನದ ಮಟ್ಟವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಲಿಂಗನಮಕ್ಕಿಯ 1819 ಅಡಿ ಸಮುದ್ರಮಟ್ಟದಿಂದ ಅಳೆದ ಲೆಕ್ಕ, ಭದ್ರೆಯ ಲೆಕ್ಕಕ್ಕೆ ಅದನ್ನು ಸೇರಿಸಿ ಗೊಂದಲ ಮಾಡಿಕೊಳ್ಳಬೇಡ. ಏರಿಳಿತದ ಲೆಕ್ಕ ಮಾತ್ರ ಎರಡೂ ಕಡೆ ಒಂದೇ. ಎರಡು ಬೇಸಿಗೆ, ಎರಡು ಮಳೆಗಾಲ ಹೀಗೆ ಬರೆದರೆ ನಿನ್ನ ಕೈಯಲ್ಲಿರುವ ಹಿನ್ನೀರಿನ ಚಿತ್ರ ದುಡ್ಡು ಕೊಟ್ಟರೂ ಸಿಗದಂಥದ್ದಾಗುತ್ತದೆ.

ಮೀನುಗಾರಿಕೆ ಇಲಾಖೆಯ ಪರವಾನಗಿ ಇಲ್ಲದೆ ದೋಣಿ ಇಳಿಸಬೇಡ ಪುಟ್ಟು. ಭದ್ರಾ ಹಿನ್ನೀರಿನ ಒಂದು ಮಗ್ಗುಲು ಹುಲಿ ಅಭಯಾರಣ್ಯ, ಎಲ್ಲಿಯವರೆಗೆ ಹೋಗಬಹುದು ಎಂದು ಮೊದಲೇ ಕೇಳಿ ತಿಳಿದುಕೋ, ಆ ಗಡಿಯನ್ನೂ ಯಂತ್ರದಲ್ಲಿ ಗುರುತು ಹಾಕು. ಟರ್ನ್ ಹಕ್ಕಿಗಳು ಗೂಡು ಮಾಡುವ ದಿನಗಳಲ್ಲಿ ನಡುಗಡ್ಡೆಗಳಿಂದ ದೂರ ಇರು. ಮೊದಲ ಮಳೆಗೆ ಮೊಟ್ಟೆ ತುಂಬಿಕೊಂಡು ಹಳ್ಳ ಹತ್ತುವ ಮೀನು ಪರದೆಯಲ್ಲಿ ಎಷ್ಟು ಕಂಡರೂ ಹಿಡಿಯಬಾರದು. ತೀರ್ಥಹಳ್ಳಿ ಹತ್ತಿರದ ಛಿಬ್ಬಲಗುಡ್ಡೆಯಲ್ಲಿ ದೇವರ ಮೀನೆಂದು ಯಾರೂ ಮುಟ್ಟದೆ ಉಳಿಸಿಕೊಂಡು ಬಂದಿದ್ದಾರಲ್ಲ, ಅಷ್ಟು ಭಯಭಕ್ತಿ ನಮ್ಮ ಹಿನ್ನೀರಿನ ತಾಯಿಮೀನಿನ ಮೇಲೂ ಇರಲಿ.

ಕಡೆಯದಾಗಿ ದೊಡ್ಡಮ್ಮನ ಮಾತು, ನನ್ನದೂ ಅದೇ. ನೀನು, ನಿನ್ನ ಇಬ್ಬರು ಗೆಳೆಯರು ಸೇರಿ ಮೂರು ಲೈಫ್ ಜಾಕೆಟ್ ಮೊದಲು ಕೊಳ್ಳಿ. ದೋಣಿ ಹತ್ತುವ ಮೊದಲೇ ಹಾಕಿಕೊಳ್ಳಿ, ಕುಳಿತುಕೊಳ್ಳಲು ಮೆತ್ತೆ ಮಾಡಬೇಡಿ. ಅವನ್ನು ತಂದು ಮನೆಯಲ್ಲಿಟ್ಟ ದಿನ ನನಗೆ ಫೋನ್ ಮಾಡು, ಯಂತ್ರ ಕೊಳ್ಳಲು ನಾನೂ ಜೊತೆಗೆ ಬರುತ್ತೇನೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ