ಮೊದಲು ಕಣ್ಣು, ಆಮೇಲೆ ಎಣ್ಣೆ: ಗ್ಲೈಡರ್‌ನ ಕೇಬಲ್, ಪೆಡಲ್ ಆರೈಕೆ

2023ರ ಏಪ್ರಿಲ್ 2ರ ಬೆಳಿಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ರೆಕ್ಕೆಯ ವಾಹನವೊಂದನ್ನು ಸುಮಾರು 4.5 ಕಿ.ಮೀ. ಎತ್ತರಕ್ಕೆ ಒಯ್ದು ಚಳ್ಳಕೆರೆಯ ಆಕಾಶದಲ್ಲಿ ಬಿಟ್ಟಿತು. ಎಂಜಿನ್ ಬಲವಿಲ್ಲದೆ ತೇಲಿಬಂದ ಆ ವಾಹನ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರದ ರನ್‌ವೇಯಲ್ಲಿ ತಾನಾಗಿಯೇ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ‘ಪುಷ್ಪಕ್’ ಹೆಸರಿನ ವಾಹನ ಇಲ್ಲೇ ಮತ್ತೆರಡು ಬಾರಿ ಇಳಿಯಿತು.

ಪುಷ್ಪಕ್‌ನ ಚುಕ್ಕಾಣಿಗೆ ಆಜ್ಞೆ ಕೊಡುವುದು ಕಂಪ್ಯೂಟರ್. ಮನುಷ್ಯ ಕೂತು ಹಾರಿಸುವ ಗ್ಲೈಡರ್‌ನಲ್ಲಿ ಆ ಕೆಲಸ ಪೈಲಟ್‌ನ ಪಾದಗಳದ್ದು. ಪೆಡಲ್ ಒತ್ತಿದರೆ ಉಕ್ಕಿನ ಕೇಬಲ್ ಎಳೆದು ಬಾಲದಲ್ಲಿರುವ ಚುಕ್ಕಾಣಿ, ಅಂದರೆ ರಡ್ಡರ್, ತಿರುಗುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಕೈಮಗ್ಗದ ಮುಂದೆ ಒಂದು ಗಳಿಗೆ ನಿಂತವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ಅಲ್ಲಿಯೂ ಕಾಲು ತುಳಿಯುತ್ತದೆ, ಹಗ್ಗ ಎಳೆಯುತ್ತದೆ, ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ. ಮಗ್ಗದ ಹಗ್ಗ ಸಡಿಲವಾದರೆ ನೇಕಾರ ಕೆಲಸ ನಿಲ್ಲಿಸಿ ಬಿಗಿದುಕೊಳ್ಳಬಹುದು. ಗ್ಲೈಡರ್‌ಗೆ ಆ ಬಿಡುವು ನೆಲದ ಮೇಲೆ ಮಾತ್ರ.

ಇದು ಹೊಸದಾಗಿ ಕಲಿಯುವವರಿಗಾಗಿ ಬರೆದದ್ದು. ಪರವಾನಗಿ ಇರುವ ಎಂಜಿನಿಯರ್ ಪಕ್ಕದಲ್ಲಿರುವಾಗಲೇ ಕೈ ಹಾಕಿ. ನಿಮ್ಮ ಗ್ಲೈಡರ್‌ನ ನಿರ್ವಹಣಾ ಕೈಪಿಡಿ ಬೇರೆ ಹೇಳಿದ್ದರೆ ಅದರ ಮಾತೇ ಅಂತಿಮ.

ಬೇಕಾಗುವ ಸಾಮಗ್ರಿ: ಕೈಪಿಡಿ, ಟಾರ್ಚ್, ಸಣ್ಣ ಕನ್ನಡಿ, ಭೂತಗನ್ನಡಿ, ಒಣ ಹತ್ತಿಬಟ್ಟೆ, ಮೃದುವಾದ ಬ್ರಷ್, ಕೈಪಿಡಿ ಹೆಸರಿಸಿದ ಎಣ್ಣೆ ಅಥವಾ ಗ್ರೀಸ್, ಹೊಸ ಕಾಟರ್ ಪಿನ್, ಲಾಕ್ ವೈರ್, ಲಾಗ್‌ಬುಕ್.

ಹಂತ 1: ಫಲಕ ತೂಗುಹಾಕಿ
ಕಾಕ್‌ಪಿಟ್‌ನಲ್ಲಿ ‘ಕೆಲಸ ನಡೆಯುತ್ತಿದೆ, ಹಾರಿಸಬೇಡಿ’ ಎಂಬ ಫಲಕ ಹಾಕಿ. ತಂದ ಉಪಕರಣಗಳನ್ನು ಎಣಿಸಿ ಬರೆದಿಡಿ. ಪೆಡಲ್‌ಗಳ ಕೆಳಗೆ ಟಾರ್ಚ್ ಹಾಯಿಸಿ. ಜೇಬಿನಿಂದ ಬಿದ್ದ ಒಂದು ಪೆನ್ನು ಸಾಕು, ಪೆಡಲ್ ಅರ್ಧದಲ್ಲೇ ಸಿಕ್ಕಿಕೊಳ್ಳಲು.

ಹಂತ 2: ಒತ್ತಿ ನೋಡಿ, ಕಿವಿಗೊಡಿ
ಎಡ ಪೆಡಲ್, ಬಲ ಪೆಡಲ್ ಎರಡನ್ನೂ ನಿಧಾನವಾಗಿ ಕೊನೆಯವರೆಗೆ ಒತ್ತಿ. ಎಲ್ಲಿ ಬಿಗಿ, ಎಲ್ಲಿ ಕಿರಕಿರ ಸದ್ದು, ಎಲ್ಲಿ ಸಡಿಲ ಎಂದು ಗುರುತು ಹಾಕಿಕೊಳ್ಳಿ. ಪೆಡಲನ್ನು ಹಿಂದೆ ಮುಂದೆ ಸರಿಸುವ ವ್ಯವಸ್ಥೆ ಇದ್ದರೆ ಪ್ರತಿ ಸ್ಥಾನದಲ್ಲೂ ಅದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆಯೇ ನೋಡಿ.

ಹಂತ 3: ಧೂಳು ತೆಗೆಯಿರಿ
ಚಳ್ಳಕೆರೆಯಂಥ ಮಳೆ ಕಡಿಮೆ ಇರುವ ಬಯಲಿನಲ್ಲಿ ಧೂಳೇ ದೊಡ್ಡ ಶತ್ರು. ಧೂಳಿನ ಮೇಲೆ ಎಣ್ಣೆ ಬಿದ್ದರೆ ಎರಡೂ ಬೆರೆತು ಸಾಣೆಯ ಹಾಗೆ ಲೋಹವನ್ನು ಸವೆಸುತ್ತವೆ. ಬ್ರಷ್ ಮತ್ತು ಒಣ ಬಟ್ಟೆಯಿಂದ ಒರೆಸಿ. ಕೇಬಲನ್ನು ಸೀಮೆಎಣ್ಣೆಯಲ್ಲೋ ಪೆಟ್ರೋಲ್‌ನಲ್ಲೋ ತೊಳೆಯಲೇಬೇಡಿ. ತಯಾರಿಸುವಾಗ ಎಳೆಗಳ ನಡುವೆ ತುಂಬಿದ ಗ್ರೀಸ್ ಕರಗಿ ಹೋಗಿ ಕೇಬಲ್ ಒಳಗಿನಿಂದ ತುಕ್ಕು ಹಿಡಿಯುತ್ತದೆ.

ಹಂತ 4: ಬಟ್ಟೆಯ ಪರೀಕ್ಷೆ
ಇಡೀ ಆರೈಕೆಯಲ್ಲಿ ಇದೇ ಮುಖ್ಯ ಹಂತ. ಕೇಬಲ್‌ಗೆ ಹತ್ತಿಬಟ್ಟೆ ಸುತ್ತಿ ಉದ್ದಕ್ಕೂ ಎಳೆಯಿರಿ. ಒಂದು ತಂತಿ ತುಂಡಾಗಿದ್ದರೂ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ. ಬರಿಗೈ ಆಡಿಸಿದರೆ ತಂತಿ ಚರ್ಮಕ್ಕೇ ಹೊಕ್ಕೀತು. ಕೇಬಲ್ ಬಾಗುವ ಜಾಗಗಳಲ್ಲಿ, ಅಂದರೆ ಪುಲ್ಲಿಯ ಮೇಲೆ, ಮಾರ್ಗದರ್ಶಿ ರಂಧ್ರಗಳಲ್ಲಿ ಮತ್ತು ಹಲವು ಗ್ಲೈಡರ್‌ಗಳ ಪೆಡಲ್‌ನಲ್ಲಿರುವ ಬಾಗಿದ ಕೊಳವೆಯೊಳಗೆ ಸವೆತ ಹೆಚ್ಚು. ಒಬ್ಬರು ಪೆಡಲನ್ನು ಕೊನೆಯವರೆಗೆ ಒತ್ತಿ ಹಿಡಿದರೆ ಒಳಗೆ ಅಡಗಿದ ಭಾಗ ಹೊರಬರುತ್ತದೆ. ಅಲ್ಲಿ ಭೂತಗನ್ನಡಿ ಹಿಡಿಯಿರಿ. ತುಂಡಾದ ತಂತಿ, ಕೆಂಪು ಪುಡಿ, ಚಪ್ಪಟೆಯಾದ ಎಳೆ ಇವುಗಳಲ್ಲಿ ಯಾವುದು ಕಂಡರೂ ಕೆಲಸ ನಿಲ್ಲಿಸಿ ಎಂಜಿನಿಯರ್‌ಗೆ ತೋರಿಸಿ.

ಹಂತ 5: ಪುಲ್ಲಿ, ಟರ್ನ್‌ಬಕಲ್, ಪಿನ್
ಕೇಬಲ್ ಚಲಿಸಿದಾಗ ಪುಲ್ಲಿ ಜೊತೆಗೇ ತಿರುಗಬೇಕು. ಪುಲ್ಲಿ ನಿಂತು ಕೇಬಲ್ ಮಾತ್ರ ಜಾರಿದರೆ ಎರಡೂ ಹಾಳಾಗುತ್ತವೆ. ಕೇಬಲ್‌ನ ಬಿಗಿ ಹೊಂದಿಸುವ ಟರ್ನ್‌ಬಕಲ್‌ನಿಂದ ಮೂರಕ್ಕಿಂತ ಹೆಚ್ಚು ತಿರುಪಿನ ಸುತ್ತುಗಳು ಹೊರಗೆ ಕಾಣಬಾರದು, ಅದರ ಲಾಕ್ ವೈರ್ ಗಟ್ಟಿಯಾಗಿರಬೇಕು. ಒಮ್ಮೆ ಬಿಚ್ಚಿದ ಕಾಟರ್ ಪಿನ್, ಲಾಕ್ ವೈರ್ ಮತ್ತೆ ಬಳಸುವಂತಿಲ್ಲ.

ಹಂತ 6: ಈಗ ಎಣ್ಣೆ
ಪೆಡಲ್‌ನ ಕೀಲು, ಜಾರುಕೊಳವೆ, ಬುಷ್‌ಗಳಿಗೆ ಕೈಪಿಡಿ ಹೇಳಿದ ಕಡೆ ಮಾತ್ರ ಒಂದೊಂದು ತೊಟ್ಟು ಹಾಕಿ, ಉಳಿದದ್ದನ್ನು ಒರೆಸಿಬಿಡಿ. ಮುಚ್ಚಿದ ಬೇರಿಂಗ್‌ಗೂ ಪ್ಲಾಸ್ಟಿಕ್ ಒಳಪದರವಿರುವ ಕೊಳವೆಗೂ ಕೈಪಿಡಿ ಕೇಳದ ಹೊರತು ಎಣ್ಣೆ ಬೇಡ. ಶೇಂಗಾ ಎಣ್ಣೆಗೆ ಹೆಸರಾದ ಚಳ್ಳಕೆರೆಯವರಿಗೆ ಒಂದು ವಿಶೇಷ ಮಾತು: ಅಡುಗೆ ಎಣ್ಣೆ ಗಾಳಿ ತಾಗಿ ಅಂಟಾಗುತ್ತದೆ, ಇಲ್ಲಿ ಅದಕ್ಕೆ ಜಾಗವಿಲ್ಲ. ಸಿಲಿಕೋನ್ ಸ್ಪ್ರೇಯನ್ನೂ ಫೈಬರ್ ಮೈಯ ಹತ್ತಿರ ತರಬೇಡಿ. ಅದರ ಲೇಪ ಉಳಿದ ಕಡೆ ಮುಂದೆ ಅಂಟು, ಬಣ್ಣ ಹಿಡಿಯುವುದಿಲ್ಲ.

ಹಂತ 7: ಇಬ್ಬರ ಪರೀಕ್ಷೆ
ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ರಡ್ಡರನ್ನು ಹಗುರಾಗಿ ತಡೆದು ಹಿಡಿಯಲಿ. ಬಲ ಪೆಡಲ್‌ಗೆ ರಡ್ಡರ್ ಬಲಕ್ಕೇ ತಿರುಗಬೇಕು. ಯಾವುದಾದರೂ ಜೋಡಣೆ ಬಿಚ್ಚಿದ್ದರೆ, ಆ ಕೆಲಸ ಮಾಡದ ಬೇರೊಬ್ಬ ಅರ್ಹ ವ್ಯಕ್ತಿ ಮೊದಲಿನಿಂದ ನೋಡಬೇಕು. ನಮ್ಮ ತಪ್ಪು ನಮ್ಮ ಕಣ್ಣಿಗೆ ಬೇಗ ಬೀಳದು.

ಹಂತ 8: ಎಣಿಸಿ, ಬರೆಯಿರಿ
ಉಪಕರಣಗಳನ್ನು ಮತ್ತೆ ಎಣಿಸಿ. ಒಂದು ಕಡಿಮೆಯಾದರೂ ಸಿಗುವವರೆಗೆ ಫಲಕ ತೆಗೆಯಬೇಡಿ. ಲಾಗ್‌ಬುಕ್‌ನಲ್ಲಿ ಮಾಡಿದ್ದನ್ನಷ್ಟೇ ಅಲ್ಲ, ಕಂಡದ್ದನ್ನೂ ಬರೆಯಿರಿ: ‘ಎಡ ಪೆಡಲ್ ಕೊಳವೆಯ ಬಾಯಲ್ಲಿ ಕೇಬಲ್ ಹೊಳಪಾಗಿದೆ, ತಂತಿ ತುಂಡಾಗಿಲ್ಲ, ಎಂಜಿನಿಯರ್ ನೋಡಿದ್ದಾರೆ.’ ಮುಂದಿನ ಸಲ ಬಟ್ಟೆ ಹಿಡಿದು ಬರುವವರು ತಮ್ಮ ಕೆಲಸವನ್ನು ಆ ಸಾಲಿನಿಂದಲೇ ಶುರು ಮಾಡುತ್ತಾರೆ.